ತಿಮ್ಮರಾಯಪ್ಪನ ಭೂಕಂಪ

ತಿಮ್ಮರಾಯಪ್ಪ ಸೈಕಲ್ಲಿನಿಂದ ಇಳಿಯುವುದಕ್ಕೆ ಮೊದಲೇ ಅವನ ಮಾತು ಇಳಿಯುತ್ತಿತ್ತು. ಗೌಡಗೆರೆಯ ಹೈಸ್ಕೂಲಿನಲ್ಲಿ ಅವನು ಸಮಾಜ ಪಾಠದ ಮೇಷ್ಟ್ರು, ನಾನು ವಿಜ್ಞಾನದವನು. ನಾನು ಪ್ರಯೋಗ ಮಾಡಿ ತೋರಿಸುವಾಗ ಆಕಳಿಸುತ್ತಿದ್ದ ಹುಡುಗರು, ಅವನು ಬರೀ ಕೈ ಬೀಸಿದರೆ ಹಿಮಾಲಯವನ್ನೇ ಕಂಡವರಂತೆ ಬಾಯಿ ತೆರೆದು ಕೂರುತ್ತಿದ್ದರು. ಉಬ್ಬುಹಲ್ಲು, ಬಣ್ಣಗೆಟ್ಟ ಅಂಗಿ. ಅವನಲ್ಲಿ ಅಂಥದ್ದೇನಿತ್ತು ಎಂದು ಇವತ್ತಿಗೂ ಕೇಳಿಕೊಳ್ಳುತ್ತೇನೆ.

ಎಂಬತ್ತಾರರ ಬೇಸಿಗೆ ರಜೆಯಲ್ಲಿ ರಷ್ಯಾದವರ ಅಣುಸ್ಥಾವರ ಸಿಡಿದ ಸುದ್ದಿ ಬಂತು. ಕೊನೆಗೂ ನನ್ನ ವಿಷಯ! ವಿಕಿರಣದ ಬಗ್ಗೆ ಚೆನ್ನಾಗಿ ಓದಿಕೊಂಡು ಟೀ ಅಂಗಡಿಗೆ ಹೋದೆ. ಅಷ್ಟರಲ್ಲಿ ತಿಮ್ಮರಾಯಪ್ಪ ಪೇಪರು ಹಿಡಿದು ಬೆಂಚಿನ ಮೇಲೆ ಕೂತಾಗಿತ್ತು. ಸುತ್ತ ಹಟ್ಟಿಯ ಕುರಿಯವರು.

“ಮೊದ್ಲು ಭೂಮಿ ಗಡಗಡ ನಡುಗ್ತು. ಸಮುದ್ರ ಉಕ್ಕಿ ಬಂತು. ಆ ಅಣು ಒಲೆ ಒಡೀತು. ವಿಷದ ಮೋಡ ಎದ್ದು ಮಳೆ ಹುಯ್ತು ಕಣ್ರಲಾ! ಆ ಹುಲ್ಲು ಮೇಯ್ದ ಕುರೀನ ಕೇಳೋರಿಲ್ಲ, ಹಾಲೆಲ್ಲ ಮೋರಿಗೆ, ಹೊಲ ಬೀಳು. ಊರಿಗೂರೇ ಬೀಗ ಹಾಕ್ಕೊಂಡು ಹೊಂಟೋಯ್ತು.”

“ಸಾರ್, ಪೇಪರಲ್ಲಿ ಭೂಕಂಪಾನೂ ಇಲ್ಲ, ಸಮುದ್ರಾನೂ ಇಲ್ಲವಲ್ಲ,” ಎಂದೆ.

“ಇಲ್ದಿದ್ರೆ ಬುಡಿ ಸಾ. ಅಂಥಾ ಒಲೆ ಹಚ್ಚವ್ರೆ, ನಾನು ಅಲ್ಲಾಡಾಕಿಲ್ಲ ಅಂತ ಭೂಮಿತಾಯಿ ಬರ್ಕೊಟ್ಟವ್ಳಾ? ಇವತ್ತಲ್ಲ ನಾಳೆ ಆಯ್ತದೆ.”

ಎಲ್ಲರೂ ನಕ್ಕರು. ನಾನು ಓದಿಕೊಂಡು ಹೋದದ್ದು ನನ್ನ ಬಾಯಲ್ಲೇ ಉಳಿಯಿತು.

ಆ ವಾರವೇ ಮುಂಗಾರಿಗೆ ಮುಂಚಿನ ಹದಮಳೆ ಬಿತ್ತು. ಬೀಳಿನಲ್ಲೆಲ್ಲ ಎಳೆ ಹುಲ್ಲು ಚಿಗುರಿತು. ಹಟ್ಟಿಯವರು ಮಾತ್ರ ಕುರಿಗಳನ್ನು ರೊಪ್ಪದಿಂದ ಹೊರಗೆ ಬಿಡಲಿಲ್ಲ. ಒಣಗಿದ ಕಡಲೆಕಾಯಿ ಬಳ್ಳಿಯನ್ನೇ ಹಾಕಿದರು, ಅದೂ ಮುಗಿಯಿತು. ಮರಿಗಳ ಅರಚಾಟ ನನ್ನ ಮನೆಯವರೆಗೂ ಕೇಳುತ್ತಿತ್ತು. ನಾನೇ ಹಟ್ಟಿಗೆ ಹೋಗಿ, ಅದು ಸಾವಿರಾರು ಮೈಲಿ ದೂರದ ಮಾತು, ಈ ಹುಲ್ಲಿಗೆ ಏನೂ ಆಗಿಲ್ಲ ಎಂದು ಗಂಟಲು ಒಣಗುವಷ್ಟು ಹೇಳಿದೆ. ಹಿರಿಯಳಾದ ಕೆಂಚಜ್ಜಿ ಎಲ್ಲ ಕೇಳಿಸಿಕೊಂಡಳು.

“ಇರ್ಬೋದು ಸಾಮಿ. ತಿಮ್ರಾಯಪ್ಪ ಮೇಷ್ಟ್ರು ಒಂದ್ಮಾತು ಹೇಳ್ಬುಡ್ಲಿ, ರೊಪ್ಪ ತೆಗಿತೀವಿ.”

ಮೈಯೆಲ್ಲ ಉರಿದುಹೋಯಿತು. ಆದರೆ ರೊಪ್ಪದ ಬೇಲಿಗೆ ಮೂತಿ ಆನಿಸಿ ನಿಂತ ಮರಿಗಳನ್ನು ನೋಡಿಯೂ ಸುಮ್ಮನಿರಲಾಗಲಿಲ್ಲ. ಬಿಸಿಲಲ್ಲಿ ಅವನ ಮನೆಗೆ ನಡೆದು, ಅವನದೇ ಸೈಕಲ್ಲಿನ ಹಿಂದೆ ಕೂತು ಬಂದೆ. ಅವನು ಸೈಕಲ್ಲು ನಿಲ್ಲಿಸಿ ನೇರ ಬೀಳಿಗೆ ಇಳಿದು, ಒಂದು ಹಿಡಿ ಹಸಿ ಹುಲ್ಲು ಕಿತ್ತು ಬಾಯಿಗೆ ಹಾಕಿ ಕುರಿಯಂತೆ ಜಗಿದ. ಗಲ್ಲದ ಮೇಲೆ ಹಸಿರು ರಸ ಇಳಿಯಿತು.

“ನೋಡ್ಕಳ್ರಲಾ, ಸತ್ನಾ? ಸೈನ್ಸ್ ಮೇಷ್ಟ್ರು ಹೇಳಿದ್ದೇ ಸರಿ. ನಂದು ಬರೀ ಬಾಯಿ ಕಣ್ಲಾ.”

ರೊಪ್ಪ ತೆರೆಯಿತು. ಹಟ್ಟಿಗೆ ಹಟ್ಟಿಯೇ ನಕ್ಕಿತು. ಅವನಿಗೆ ಹೊಸ ಕಂಬಳಿ ಹೊದಿಸಿದರು, ನನಗೆ ಒಂದು ಲೋಟ ಮಜ್ಜಿಗೆ ಕೊಟ್ಟರು. ನಾನೇ ಸರಿಯೆಂದು ಎಲ್ಲರೆದುರು ಒಪ್ಪಿಕೊಂಡು, ಆ ಒಪ್ಪಿಕೊಂಡದ್ದಕ್ಕೂ ಅವನೇ ಹೊಗಳಿಸಿಕೊಂಡನಲ್ಲ, ಅದನ್ನು ಹೇಗೆ ತಡೆದುಕೊಳ್ಳಲಿ! ಆ ಭೂಕಂಪದ ಸುಳ್ಳೊಂದೇ ನನಗಿದ್ದ ಸಮಾಧಾನ.

ಅವನನ್ನು ಕೊನೆಯ ಸಲ ಕಂಡದ್ದು ಶಿರಾ ಬಸ್‌ಸ್ಟ್ಯಾಂಡಿನಲ್ಲಿ. ಪಾವಗಡಕ್ಕೆ ವರ್ಗವಾಗಿತ್ತು. ಹೆಗಲ ಮೇಲೆ ಅದೇ ಕಂಬಳಿ.

“ಇನ್ನೂ ನನ್ ಭೂಕಂಪದ ಮೇಲೆ ಸಿಟ್ಟಾ ಸಾ?”

“ಪೇಪರಲ್ಲಿ ಇರ್ಲಿಲ್ಲ,” ಎಂದೆ.

ಉಬ್ಬುಹಲ್ಲು ತೋರಿಸಿ ನಗುತ್ತಾ ಬಸ್ಸು ಹತ್ತಿದ. ಕೆಲವು ವರ್ಷಗಳಾದ ಮೇಲೆ ಅಲ್ಲಿಯೇ ತೀರಿಕೊಂಡನೆಂದು ತಿಳಿಯಿತು.

ಎಷ್ಟೋ ಕಾಲದ ನಂತರ, ನಿವೃತ್ತನಾಗಿ ಮನೆಯಲ್ಲಿ ಕೂತು ಟಿವಿ ನೋಡುತ್ತಿದ್ದೆ. ಜಪಾನಿನಲ್ಲಿ ಭೂಮಿ ನಡುಗಿತ್ತು. ಸಮುದ್ರ ಉಕ್ಕಿ ಬಂದಿತ್ತು. ಅಣುಸ್ಥಾವರ ಒಡೆದಿತ್ತು. ಆಮೇಲಿನ ದಿನಗಳಲ್ಲಿ ಹಾಲು ಚೆಲ್ಲುವ ರೈತರು, ಕೊಳ್ಳುವವರಿಲ್ಲದ ತರಕಾರಿ, ಬೀಗ ಬಿದ್ದ ಊರುಗಳು, ಎಲ್ಲವೂ ಟೀ ಅಂಗಡಿಯ ಬೆಂಚಿನ ಮೇಲೆ ಕೇಳಿದ ಹಾಗೆಯೇ.

“ಯಾಕ್ರೀ, ಮುಖ ಹಂಗೆ ಮಾಡ್ಕಂಡ್ರಿ?” ಎಂದಳು ಹೆಂಡತಿ.

ನನ್ನ ಪಾಲಿಗೆ ಉಳಿದಿದ್ದ ಅದೊಂದು ಸಮಾಧಾನವನ್ನೂ ತಿಮ್ಮರಾಯಪ್ಪ ಕಿತ್ತುಕೊಂಡಿದ್ದ. ಹೊಟ್ಟೆ ಉರಿಯಿತು. ಹೋಗಿ ಜಗಳವಾಡೋಣವೆಂದರೆ ಆಸಾಮಿಯೇ ಇಲ್ಲ.