ಅಳಿಲಿಗೆ ಇಟ್ಟ ಬೋನು

ನಾಲ್ಕು ಸಾವಿರದ ಏಳುನೂರೈವತ್ತು ರೂಪಾಯಿ. ಒಂದು ಅಳಿಲಿನ ಕಾಟ ತಪ್ಪಿಸಿಕೊಳ್ಳಲು ನನಗೆ ತಗುಲಿದ ಖರ್ಚು ಇಷ್ಟು. ಅದರಲ್ಲಿ ಹದಿನಾರುನೂರು ನನ್ನ ಜಾಣತನಕ್ಕೆ ಬಿದ್ದ ದಂಡ.

ನಮ್ಮದು ಜೆ.ಪಿ. ನಗರದಲ್ಲಿ ಮೂವತ್ತು-ನಲವತ್ತರ ಸೈಟಿನ ಮನೆ. ಇಟ್ಟಿಗೆಯಿಂದ ಕಿಟಕಿಯ ಚಿಲಕದವರೆಗೆ ಎಲ್ಲವನ್ನೂ ನಾನೇ ಚೌಕಾಸಿ ಮಾಡಿ ತಂದದ್ದು. ತಾರಸಿಯ ಮೇಲೆ ಸೋಲಾರ್ ಇದೆ. ಬಿಸಿನೀರು ಆರದಿರಲಿ ಎಂದು ಅದರ ಪೈಪಿಗೆ ಕಪ್ಪು ಫೋಮ್ ಸುತ್ತಿರುತ್ತಾರಲ್ಲ, ಕಳೆದ ತಿಂಗಳು ನೋಡಿದರೆ ಅರ್ಧ ಮಾಯ. ನಲ್ಲಿಯಲ್ಲಿ ಉಗುರುಬೆಚ್ಚಗಿನ ನೀರು. ಕಳ್ಳನನ್ನು ಹಿಡಿಯಲು ಸಿಸಿಟಿವಿ ಬೇಕಾಗಲಿಲ್ಲ. ಬಟ್ಟೆ ಒಣಹಾಕಲು ಹೋದ ನನ್ನ ಹೆಂಡತಿ ವಿಮಲಾಳ ಕಣ್ಣೆದುರೇ ಅಳಿಲೊಂದು ಫೋಮ್ ಕಿತ್ತು ಬಾಯಿಗೆ ತುರುಕಿಕೊಂಡು ಓಡಿತಂತೆ.

ಫಿಟ್ಟರ್ ಮುನಿರಾಜು ಬಂದ. ಹೊಸ ಫೋಮ್, ಅದರ ಮೇಲೆ ತಗಡಿನ ಹೊದಿಕೆ, ಕೂಲಿ ಸೇರಿ ಎರಡು ಸಾವಿರದ ಎಂಟುನೂರು ಎಂದ. ನಾನು ಬಿಡುತ್ತೇನೆಯೇ? ತಗಡು ಬೇಡ ಎಂದು ಹದಿನಾರುನೂರಕ್ಕೆ ಇಳಿಸಿದೆ.

"ಸಾರ್, ಬರೀ ಫೋಮ್ ಆದ್ರೆ ಅಳಿಲು ಬಿಡಲ್ಲ. ಆಮೇಲೆ ನನ್ನ ಬೈಬೇಡಿ" ಎಂದ.

(ಚೌಕಾಸಿಯ ಹೊತ್ತಿನಲ್ಲಿ ಎದುರಿನವರು ಹೇಳುವುದೆಲ್ಲ ವ್ಯಾಪಾರದ ಮಾತು ಎಂದು ತಿಳಿಯುವುದು ನನ್ನ ಹಳೆಯ ಕಾಯಿಲೆ.)

ಒಂಬತ್ತನೇ ದಿನಕ್ಕೆ ಪೈಪು ಮತ್ತೆ ಬೆತ್ತಲೆ.

ಈಗ ಇದು ಮರ್ಯಾದೆಯ ಪ್ರಶ್ನೆ. ಜಯನಗರ ಫೋರ್ತ್ ಬ್ಲಾಕಿಗೆ ಹೋಗಿ ಮುನ್ನೂರೈವತ್ತಕ್ಕೆ ಒಂದು ಬೋನು ತಂದೆ. ಒಳಗೆ ಕೊಬ್ಬರಿ ಚೂರು ಕಟ್ಟಿದೆ. ಮಾರನೆಯ ಬೆಳಗ್ಗೆ ಎಂಟಕ್ಕೆಲ್ಲ ಅಳಿಲು ಒಳಗಿತ್ತು.

ನಮ್ಮ ಬಡಾವಣೆಗಳ ಪದ್ಧತಿ ನಿಮಗೂ ಗೊತ್ತಿರಬೇಕು. ಬೋನಿಗೆ ಬಿದ್ದದ್ದನ್ನು ಕೊಲ್ಲುವುದಿಲ್ಲ, ಪಾಪ ಬರುತ್ತದೆ. ಗೋಣಿಚೀಲ ಮುಚ್ಚಿ, ಸ್ಕೂಟರಿನಲ್ಲಿ ಒಯ್ದು ಬೇರೆ ಏರಿಯಾದಲ್ಲಿ ಬಿಟ್ಟು ಬರುತ್ತೇವೆ. ಆ ಏರಿಯಾದವರು ತಮ್ಮದನ್ನು ಇಲ್ಲಿ ತಂದು ಬಿಡುತ್ತಾರೆ. ನಾನು ಆರಿಸಿಕೊಂಡದ್ದು ಪುಟ್ಟೇನಹಳ್ಳಿ ಕೆರೆ.

ಸ್ಕೂಟರ್ ಸ್ಟಾರ್ಟ್ ಮಾಡುವಷ್ಟರಲ್ಲಿ, ಎರಡನೇ ಸಲ ಕರೆಸಿದ್ದ ಮುನಿರಾಜು ಗೇಟಿಗೆ ಬಂದ. ಗೋಣಿ ಸರಿಸಿ ನೋಡಿದವನು ಕೂತೇಬಿಟ್ಟ.

"ಸಾರ್, ಹೊಟ್ಟೆ ನೋಡಿ. ಹಾಲು ಕುಡಿಸ್ತಿದೆ ಇದು. ಮರಿ ಇಲ್ಲೇ ಎಲ್ಲೋ ಇದಾವೆ."

ಸ್ಕೂಟರ್ ಆಫ್ ಮಾಡಿದೆ. ವಿಮಲಾಳೂ ಸೇರಿ ಮೂವರೂ ಹುಡುಕಿದೆವು. ಬಾತ್‌ರೂಮಿನ ಎಕ್ಸಾಸ್ಟ್ ಫ್ಯಾನ್ ಕೆಟ್ಟಾಗ ತೆಗೆಸಿ, ಹೊಸದಕ್ಕೆ ಒಳ್ಳೆಯ ರೇಟು ಸಿಗಲಿ ಎಂದು ವರ್ಷದಿಂದ ಖಾಲಿ ಬಿಟ್ಟಿದ್ದ ಕಿಂಡಿ. ಅದರಲ್ಲಿ ನಮ್ಮ ಡೋರ್‌ಮ್ಯಾಟಿನ ನಾರು, ಪೈಪಿನ ಕಪ್ಪು ಫೋಮ್. ನಡುವೆ ಹೆಬ್ಬೆರಳಿನಷ್ಟು ಉದ್ದದ ಮೂರು ಮರಿಗಳು. ಕಣ್ಣು ಬಿಟ್ಟಿರಲಿಲ್ಲ.

"ರೀ, ಕೆರೆಗೆ ಬಿಟ್ಟು ಬಂದಿದ್ರೆ ಇವಕ್ಕೆ ಹಾಲು ಯಾರು ಕೊಡ್ತಿದ್ರು?" ಎಂದಳು ವಿಮಲಾ.

ಮರಿಗಳನ್ನು ಮುಟ್ಟದೆ ಹೊರಗೆ ಬಂದು ಬೋನಿನ ಬಾಗಿಲು ತೆಗೆದೆ. ಅಳಿಲು ಕಿಂಡಿಯ ಕಡೆ ತಿರುಗಿಯೂ ನೋಡದೆ, ಕಾಂಪೌಂಡ್ ಹಾರಿ ಪಕ್ಕದ ಮನೆಯ ಮಾವಿನ ಮರ ಹತ್ತಿ ಕಾಣೆಯಾಯಿತು. ಹೆದರಿದ ತಾಯಿ ವಾಪಸ್ ಬರುತ್ತದೆಯೇ? ನಾವು ನಿಂತಿದ್ದರೆ ಬರುವುದಿಲ್ಲ ಎಂದು ಮುನಿರಾಜು ಎಲ್ಲರನ್ನೂ ಒಳಗೆ ಕರೆದ. ಅಡುಗೆಮನೆಯ ಕಿಟಕಿಯಲ್ಲಿ ಕಾದೆವು. ಕಾಫಿ ಆಯಿತು. ಅರ್ಧ ಗಂಟೆ ಆಯಿತು. ಅಂಗಡಿಯಿಂದ ಎದ್ದು ಹೊರಟಂತೆ ನಟಿಸಿ, ಅಂಗಡಿಯವನು ಹಿಂದಿನಿಂದ ಕೂಗಲಿ ಎಂದು ಎಷ್ಟೋ ಸಲ ಕಾದವನು ನಾನು. ಹೀಗೆ ಕಾದದ್ದು ಇದೇ ಮೊದಲು.

ಮುಕ್ಕಾಲು ಗಂಟೆಯ ಮೇಲೆ ಅದು ಬಂತು. ಒಂದು ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಮಾವಿನ ಮರಕ್ಕೆ ಹೋಯಿತು. ಮತ್ತೆ ಬಂತು. ಮತ್ತೆ. ಮೂರನೆಯದು ದಾಟಿದ ಮೇಲೆ ವಿಮಲಾ ಕಾಫಿ ಲೋಟ ಕೆಳಗಿಟ್ಟಳು.

ಅಂದೇ ಕಿಂಡಿಗೆ ಜಾಲರಿ, ಪೈಪಿಗೆ ಹೊಸ ಫೋಮ್, ಅದರ ಮೇಲೆ ತಗಡು. ಮುನಿರಾಜು ಅದೇ ಎರಡು ಸಾವಿರದ ಎಂಟುನೂರು ಕೇಳಿದ. ಜಾಲರಿ ಫ್ರೀ ಎಂದ. ಕೊಟ್ಟೆ.

ನೀವೂ ತಗಡು ಹಾಕಿಸಿ. ಹಣ್ಣಿನ ಗಿಡವಿದ್ದರೆ ಬಲೆ ಕಟ್ಟಿ. ಕಿಂಡಿ ಮುಚ್ಚುವ ಮೊದಲು ಒಳಗೆ ಟಾರ್ಚ್ ಬಿಟ್ಟು ನೋಡಿ. ಬೋನು ಇಡಲೇಬೇಕು ಅನ್ನಿಸಿದರೆ ಮೊದಲು ಒಂದು ಬೆಳಗ್ಗೆ ತಾರಸಿಯಲ್ಲಿ ಸುಮ್ಮನೆ ಕೂತು ಗಮನಿಸಿ: ಅಳಿಲು ಕಿತ್ತದ್ದನ್ನು ಅಲ್ಲೇ ಉಗುಳುತ್ತದೆಯೇ, ಎಲ್ಲಿಗಾದರೂ ಹೊತ್ತೊಯ್ಯುತ್ತದೆಯೇ?

ಹೊತ್ತೊಯ್ಯುತ್ತಿದ್ದರೆ, ಒಂದೆರಡು ತಿಂಗಳು ಗೀಸರ್ ಹಾಕಿಕೊಂಡು ಸ್ನಾನ ಮಾಡಿ.