ಬಿಸ್ಕತ್ತಿನ ಮೇಲಿನ ಬೊಟ್ಟು

ಮೊನ್ನೆ ಮೊಮ್ಮಗಳು ಓವನ್ ಬಾಗಿಲು ತೆಗೆದಾಗ ಬೆಣ್ಣೆ, ಏಲಕ್ಕಿ ವಾಸನೆ ಮನೆಯೆಲ್ಲ ತುಂಬಿತು. ಕ್ರಿಸ್‌ಮಸ್ಸಿಗೆ ಗೆಳತಿಯರಿಗೆ ಕೊಡಲು ಬಿಸ್ಕತ್ತು ಮಾಡಿದ್ದಳು. ವಾಸನೆಯೇನೋ ಸರಿಯಾಗಿತ್ತು, ಆದರೂ ಏನೋ ಒಂದು ಕಡಿಮೆ ಅನ್ನಿಸಿತು. ಆಮೇಲೆ ಹೊಳೆಯಿತು... ಕಾದ ಮರಳಿನ ವಾಸನೆ ಇರಲಿಲ್ಲ.

ನಮ್ಮೆಜಮಾನರನ್ನು ಬ್ಯಾಂಕಿನವರು ವಿಶಾಖಪಟ್ಟಣಕ್ಕೆ ವರ್ಗ ಮಾಡಿದಾಗ ಎಂವಿಪಿ ಕಾಲೋನಿಯಲ್ಲಿ ಮನೆ ಹಿಡಿದಿದ್ದೆವು. ಎದುರುಮನೆಯಾಕೆ ಕ್ರೈಸ್ತರು. ಬಂದರಿನಲ್ಲಿ ಕೆಲಸಕ್ಕಿದ್ದ ಗಂಡ ತೀರಿಹೋಗಿದ್ದರು. ಒಬ್ಬನೇ ಮಗ, ವಿಜಯವಾಡದ ಭವಾನಿಪುರಂನಲ್ಲಿ ಸಂಸಾರ. ಆಕೆ ನನ್ನನ್ನು 'ವದಿನಾ' ಅನ್ನೋರು, ನಾವು ಅತ್ತಿಗೆ ಅನ್ನೋ ಹಾಗೆ. ಆ ಲೆಕ್ಕದಲ್ಲಿ ಮಗನಿಗೆ ನಾನು 'ಅತ್ತಾ', ಅಂದರೆ ಅತ್ತೆ. ನನ್ನ ತೆಲುಗು ಕೇಳಿ ಅವರು ನಗೋರು. ಅವರ ಕಾಫಿ ಕುಡಿದು ನಾನು ನಗ್ತಿದ್ದೆ.

ಅವರಿಗೆ ಓವನ್ ಇರಲಿಲ್ಲ. ದೊಡ್ಡ ಪಾತ್ರೆಗೆ ತೊಳೆದು ಒಣಗಿಸಿದ ಮರಳು ಹಾಕಿ, ಒಲೆ ಮೇಲೆ ಕಾಯಿಸಿ, ಒಳಗೆ ತಟ್ಟೆ ಇಳಿಸಿ ಮುಚ್ಚಳದ ಮೇಲೆ ಗುಂಡುಕಲ್ಲು ಹೇರೋರು. ನನಗಂತ ಮೊಟ್ಟೆ ಹಾಕದ ಹಿಟ್ಟು ಬೇರೆ ಕಲಸೋರು. ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸಿ, ಸಕ್ಕರೆ ಪಾಕ ತುಂಬಿ, ಬಿಸ್ಕತ್ತಿನ ಮೇಲೆ ನಕ್ಷತ್ರ ಬರೆಯೋರು. ಪ್ರತಿ ವರ್ಷ ಒಂದು ಡಬ್ಬಿ ಮಗನ ಮನೆಗೆ ಹೋಗಬೇಕು.

ಒಂದು ವರ್ಷ ಕೈ ನಡುಗೋಕೆ ಶುರುವಾಯಿತು. ಗೆರೆ ಎಲ್ಲೋ ಹೊರಟು ಎಲ್ಲೋ ನಿಲ್ಲೋದು.

"ಇದನ್ನ ನೋಡಿದ್ರೆ ಅವನು ಬಂದು ಮನೆಗೆ ಬೀಗ ಹಾಕಿ ನನ್ನ ಕರ್ಕೊಂಡು ಹೋಗ್ತಾನೆ ವದಿನಾ. ನಿನಗೆ ಯಾವತ್ತು ಕೈಲಾಗಲ್ವೋ ಅವತ್ತೇ ಬರ್ತೀನಿ ಅಂದಿದ್ದಾನೆ. ಸೊಸೆ ಒಳ್ಳೆಯವಳೇ. ಒಲೆ ಮುಟ್ಟೋಕೆ ಬಿಡಲ್ಲ ಅಷ್ಟೇ."

"ಇಲ್ಲಿ ಕೊಡಿ," ಅಂದೆ.

ಧನುರ್ಮಾಸ ಬೇರೆ. ದಿನಾ ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಹಾಕಿ ಹಾಕಿ ಕೈ ಪಳಗಿತ್ತು. ಮೊದಲು ಚುಕ್ಕಿ, ಆಮೇಲೆ ಗೆರೆ. ಎಲ್ಲ ಬರೆದು ಮುಗಿಸಿದೆ. ಬಾಗಿಲಲ್ಲಿ ರಂಗೋಲಿ ಮುಗಿದ ಮೇಲೆ ನಡುವೆ ಒಂದು ಚಿಟಿಕೆ ಕುಂಕುಮ ಇಡೋದು ನನಗೆ ರೂಢಿ. ಇಲ್ಲೂ ಕೈ ತಾನಾಗಿ ಕೆಂಪು ಬಣ್ಣದ ಪಾಕಕ್ಕೆ ಹೋಯಿತು. ಆಕೆ ಕನ್ನಡಕ ಹಾಕದೆ ನೋಡಿ, ಬಲು ಚೆನ್ನಾಗಿದೆ ಅಂದರು. ಡಬ್ಬಿ ವಿಜಯವಾಡಕ್ಕೆ ಹೋಯಿತು.

ಹಬ್ಬದ ಮಾರನೆ ದಿನ ಮಗ ಅದೇ ಡಬ್ಬಿ ಹಿಡಿದು ಬಂದುಬಿಟ್ಟ. ನಾನೂ ಅಲ್ಲೇ ಕೂತಿದ್ದೆ. ಒಂದು ಬಿಸ್ಕತ್ತು ಎತ್ತಿ ಹಿಡಿದ.

"ಅಮ್ಮಾ, ಯೇಸುವಿನ ನಕ್ಷತ್ರಕ್ಕೆ ಕುಂಕುಮ ಯಾವಾಗಿಂದ?"

ಆಕೆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು. ಮುಚ್ಚಿಟ್ಟು ಉಪಯೋಗವಿಲ್ಲ ಅನ್ನಿಸಿತು ನನಗೆ.

"ನಾನು ಹಾಕಿದ್ದು. ನಿಮ್ಮಮ್ಮನ ಕೈ ನಡುಗುತ್ತೆ. ಬುದ್ಧಿ ನಡುಗಲ್ಲ, ಕಾಲು ನಡುಗಲ್ಲ. ಕೈಗೆ ನಾನಿದ್ದೀನಿ. ನಿನ್ನ ಅಪಾರ್ಟ್‌ಮೆಂಟಲ್ಲಿ ಎದುರುಮನೆಯವರ ಹೆಸರು ಗೊತ್ತೇನಪ್ಪ ನಿನಗೆ?"

ಅವನು ಕೈಲಿದ್ದ ಬಿಸ್ಕತ್ತು ಬಾಯಿಗೆ ಹಾಕಿಕೊಂಡ.

"ಗೊತ್ತಿಲ್ಲ ಅತ್ತಾ," ಅಂದ. "ಆದ್ರೂ ಇಷ್ಟೊಂದು ಸಕ್ಕರೆನಾ?"

ಅವತ್ತೇ ಅಮ್ಮನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಮಾತ್ರೆ ಕೊಡಿಸಿದ. ಸಂಜೆ ತನ್ನ ಬ್ಯಾಗು ಒಂದನ್ನೇ ಎತ್ತಿಕೊಂಡು ಹೊರಟ. ಆಟೋ ತಿರುಗುವವರೆಗೂ ಆಕೆ ಬಾಲ್ಕನಿಯಲ್ಲಿ ನಿಂತಿದ್ದರು. ಒಳಗೆ ಬಂದು ನನ್ನ ಪಕ್ಕ ಧೊಪ್ಪಂತ ಕೂತು, "ಹೋದ ವದಿನಾ," ಅಂದರು. ಇಬ್ಬರಿಗೂ ನಗು ತಡೆಯೋಕಾಗಲಿಲ್ಲ. ಮಗ ಹೋದ ಅಂತ ಅಷ್ಟು ನಕ್ಕ ತಾಯಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆಮೇಲೆ ಪ್ರತಿ ವರ್ಷ ಹಿಟ್ಟು ಅವರದು, ಗೆರೆ ನನ್ನದು. ಬೊಟ್ಟು ಮರೀಬೇಡಿ ಅಂತ ಮಗನೇ ಫೋನ್ ಮಾಡೋನು. ಆಕೆ ಅದೇ ಮನೆಯಲ್ಲಿ, ಬೆಳಗಿನ ಕಾಫಿ ಕುಡಿದು, ತಮ್ಮ ಮಂಚದ ಮೇಲೇ ಹೋದರು. ಅವತ್ತು ನಾನು ಅಳಲಿಲ್ಲ. ಬಂದವರಿಗೆಲ್ಲ ಟೀ ಮಾಡೋದಿತ್ತು.

ಈಗ ನಾನೂ ವಿಜಯವಾಡದಲ್ಲಿ, ಮಗಳ ಮನೆಯಲ್ಲಿ. ನನ್ನ ಕೈ ಗಟ್ಟಿಯಾಗೇ ಇದೆ, ಮಂಡಿ ಕೈಕೊಟ್ಟಿತು. ಮೊನ್ನೆ ಮೊಮ್ಮಗಳ ಕೈಯಿಂದ ಪಾಕದ ಕೋನ್ ಇಸಕೊಂಡು ಒಂದಷ್ಟು ಬಿಸ್ಕತ್ತಿಗೆ ಚುಕ್ಕಿ ಇಟ್ಟೆ, ಗೆರೆ ಎಳೆದೆ, ನಡುವೆ ಕೆಂಪು ಬೊಟ್ಟು. ಭವಾನಿಪುರಂನಲ್ಲಿ ಆಕೆಯ ಮಗನ ಮನೆಗೆ ಕೊಟ್ಟು ಬಾ ಅಂತ ಅವಳನ್ನೇ ಕಳಿಸಿದೆ.

ಸಂಜೆ ಆ ಮಗನ ಫೋನ್ ಬಂತು. ಅವನಿಗೂ ಈಗ ತಲೆ ನೆರೆತಿದೆಯಂತೆ.

"ಬೊಟ್ಟು ಇದೆ ಅತ್ತಾ," ಅಂದ.

"ಮರಳಿಲ್ಲ ಕಣಪ್ಪ," ಅಂದೆ.