ಬಟಾಣಿ ಕಾಳಿನಷ್ಟು ಮುಲಾಮು

ನನ್ನನ್ನು ಮೊದಲ ಸಲ ‘ಆಯಿ’ ಎಂದು ಕರೆದವಳು ಖಾನಾಪುರದ ಬಸ್ಸಿನಲ್ಲಿ ಎದ್ದು ಸೀಟು ಬಿಟ್ಟುಕೊಟ್ಟ ಒಬ್ಬ ಕಾಲೇಜು ಹುಡುಗಿ. “ಆಯೀ, ಬಸಾ ನಾ” ಅಂದಳು. ಎರಡು ಸಾವಿರದ ಇಸವಿಯ ಆಚೀಚೆ, ದಸರಾ ರಜೆ ಮುಗಿದ ವಾರ. ಆಗ ನನಗೆ ನಲವತ್ಮೂರು.

ಮರಾಠಿಯಲ್ಲಿ ಆಯಿ ಅಂದರೆ ತಾಯಿ. ಗುರುತಿಲ್ಲದ ಹೆಂಗಸನ್ನೂ ಗೌರವಕ್ಕೆ ಹಾಗೆ ಕರೆಯುತ್ತಾರೆ. ನಮ್ಮ ಮನೆಯ ಕನ್ನಡದಲ್ಲಿ ಆಯಿ ಅಂದರೆ ಅಜ್ಜಿ. ಬೆಳಗಾವಿಯಿಂದ ಖಾನಾಪುರಕ್ಕೆ ದಿನಾ ಓಡಾಡಿ, ಹದಿನೆಂಟು ವರ್ಷ ಅಲ್ಲಿಯ ಹೈಸ್ಕೂಲಿನ ಹುಡುಗಿಯರನ್ನು ಎರಡೂ ಭಾಷೆಯಲ್ಲಿ ಬೈದವಳಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಆದರೆ ಸಿಟ್ಟು ಬಂದಾಗ ನನ್ನ ಕಿವಿಗೆ ಕನ್ನಡ ಒಂದೇ ಕೇಳುತ್ತದೆ.

“ಯಾರವಾ ನಿನಗ ಆಯಿ? ನನ್ನ ತಲ್ಯಾಗ ಒಂದ ಬಿಳಿ ಕೂದಲಾ ತೋರಸ್ ನೋಡೂಣು!” ಎಂದು ಕೂಗಾಡಿದೆ. ಹುಡುಗಿ ಕಕ್ಕಾಬಿಕ್ಕಿಯಾಗಿ ಹಿಂದಕ್ಕೆ ಸರಿದಳು. ಹಟಕ್ಕೆ ಬಿದ್ದ ನಾನು ಕೂಡಲೂ ಇಲ್ಲ. ಖಾನಾಪುರ ಬರುವವರೆಗೆ ಕಂಬಿ ಹಿಡಿದು ನಿಂತೆ. ನನ್ನ ಸೀಟಿನಲ್ಲಿ ಯಾರದೋ ಮೆಣಸಿನಕಾಯಿ ಚೀಲ ಆರಾಮಾಗಿ ಕೂತು ಬಂತು.

ಬಸ್ಸಿಳಿಯುವಷ್ಟರಲ್ಲಿ ನನ್ನ ತಪ್ಪು ನನಗೆ ತಿಳಿದು ನಾಚಿಕೆಯಾಯಿತು. ಆದರೆ ಆ ಮಾತು ಅಷ್ಟು ಚುಚ್ಚಲು ಕಾರಣವಿತ್ತು. ನಾನು ಪಿ.ಟಿ. ಟೀಚರ್, ನಮ್ಮ ಕಡೆಯ ಮಾತಿನಲ್ಲಿ ಬಾಯಾರು. ನಮ್ಮ ಹೆಡ್‌ಮಾಸ್ತರು ಹಿಂದಿನ ದಿನವಷ್ಟೇ ನನ್ನನ್ನು ಕರೆದು ಕೂಡಿಸಿಕೊಂಡು, ಬಹಳ ಪ್ರೀತಿಯಿಂದಲೇ ಹೇಳಿದ್ದರು:

“ಬಾಯಾರ, ಇಷ್ಟ ವರ್ಷ ಬಿಸಲಾಗ ನಿಂತ ದುಡದೀರಿ. ಮಾರಿ ನೋಡ್ರಿ, ಹೆಂಗ ಆಗೇತಿ. ಬರೂ ಜೂನಕ್ಕ ಹೊಸಾ ಮಾಸ್ತರು ಬರ್ತಾರ. ಗ್ರೌಂಡ್ ಅವರಿಗೆ ಬಿಡ್ರಿ. ನೀವು ಲೈಬ್ರರಿ ನೋಡ್ಕೊಂಡು ತಂಪಾಗಿ ಕುಂದರ್ರಿ.”

ನನಗೆ ತಂಪು ಬೇಕಾಗಿರಲಿಲ್ಲ. ನನ್ನ ಹುಡುಗಿಯರ ಖೋ ಖೋ ತಂಡ ಬೇಕಾಗಿತ್ತು. ಅಂಗಲಾಚಿದ್ದಕ್ಕೆ ಅವರು ಇಷ್ಟು ಒಪ್ಪಿದ್ದರು: “ಆತು, ಈ ಸಲದ ಪಂದ್ಯಾವಳಿ ಹೆಂಗ ಆಗತೈತಿ ನೋಡೂಣು. ಆಮ್ಯಾಲ ತೀರ್ಮಾನ.” ಪಂದ್ಯಾವಳಿಗೆ ಆರು ವಾರವಿತ್ತು.

ಬಸ್ಸಿನಲ್ಲಿ ಕೂಗಾಡಿದ ದಿನ ಸಂಜೆ ಕನ್ನಡಿಯ ಮುಂದೆ ನಿಂತು ಮುಖವನ್ನು ಬೇರೆಯವರದೆಂಬಂತೆ ನೋಡಿದೆ. ಎರಡೂ ಕೆನ್ನೆಯ ಮೇಲೆ ಬಂಗಿನ ಕಂದು ಕಲೆ. ಹಣೆಯ ಮೇಲೆ ಉದ್ದುದ್ದ ಗೆರೆ, ಕಣ್ಣಿನ ಬದಿಗೆ ಸಣ್ಣವು ಗುಂಪುಗುಂಪಾಗಿ. ಚರ್ಮ ಹಳೆಯ ಚಪ್ಪಲಿಯ ಹಾಗೆ ದಪ್ಪವಾಗಿತ್ತು. ಈ ಮುಖ ಇಟ್ಟುಕೊಂಡು ಗ್ರೌಂಡ್ ಕೇಳಿದರೆ ಯಾರು ಕೊಡುತ್ತಾರೆ ಎಂದು ನನಗೇ ಅನ್ನಿಸಿತು. ಮರುದಿನವೇ ಖಡೇಬಜಾರಿನ ಹಿಂದಿನ ಓಣಿಯಲ್ಲಿದ್ದ ಒಬ್ಬ ಚರ್ಮದ ಡಾಕ್ಟರಮ್ಮನ ಹತ್ತಿರ ಹೋದೆ.

ಆಕೆ ಭೂತಗನ್ನಡಿ ಹಿಡಿದು ನನ್ನ ಕೆನ್ನೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕೈಗಡಿಯಾರ ಬಿಚ್ಚಲು ಹೇಳಿದರು. ಬೆಲ್ಟಿನ ಅಡಿಯ ಚರ್ಮ ತೆಳುವಾಗಿ, ನುಣುಪಾಗಿ, ಯಾರದೋ ಎಂಬಂತೆ ಇತ್ತು. “ಇದು ನಿಮ್ಮ ಖರೇ ವಯಸ್ಸು ನೋಡ್ರಿ. ಮಾರಿ ಮ್ಯಾಲಿಂದು ಬಿಸಲಿಂದು” ಅಂದರು. ಏನು ಕೆಲಸ ಎಂದು ಕೇಳಿದ್ದಕ್ಕೆ “ಟೀಚರ್” ಎಂದಷ್ಟೇ ಹೇಳಿ ಬಾಯಿ ಮುಚ್ಚಿಕೊಂಡೆ. ಪಿ.ಟಿ. ಅಂದರೆ ಮೊದಲು ಅದನ್ನೇ ಬಿಡಿ ಅಂದಾರು ಎಂಬ ಭಯ.

“ಹೊಟ್ಟ್ಯಾಗ ಏನರೇ ಐತೇನ್ರಿ? ಇಲ್ಲಾ, ಆಗೂ ವಿಚಾರ?” ಎಂದು ಇನ್ನೊಂದು ಪ್ರಶ್ನೆ ಕೇಳಿದರು. ಬಸುರಿಯರಿಗೆ ಆ ಔಷಧಿ ಕೊಡುವುದಿಲ್ಲವಂತೆ. ನನಗಾದ ಖುಷಿ ಏನು ಹೇಳಲಿ! ಹಿಂದಿನ ದಿನವಷ್ಟೇ ಬಸ್ಸಿನಲ್ಲಿ ಅಜ್ಜಿಯಾಗಿದ್ದವಳನ್ನು ಬಸುರಿಯಾದರೂ ಆದೀತು ಎಂದು ಒಬ್ಬರಾದರೂ ಎಣಿಸಿದರಲ್ಲ. ಇಲ್ಲ ಎನ್ನುವಾಗ ನನ್ನ ಮುಖ ಅರಳಿತ್ತು.

ಅವರು ಕೊಟ್ಟದ್ದು ಹೆಬ್ಬೆರಳಿನಷ್ಟು ಉದ್ದದ ಟ್ಯೂಬು. ಟ್ರೆಟಿನಾಯಿನ್ ಎಂಬ ಮುಲಾಮು, ಎ ಜೀವಸತ್ವದ ಮನೆತನದ್ದಂತೆ. ಮಲಗುವ ಮುಂಚೆ ಮುಖ ತೊಳೆದು, ಪೂರ್ತಿ ಒಣಗಿದ ಮೇಲೆ, ದಿನ ಬಿಟ್ಟು ದಿನ ಹಚ್ಚಬೇಕು. ಮೊದಲು ಕೆಂಪಾಗುತ್ತದೆ, ಸಿಪ್ಪೆ ಏಳುತ್ತದೆ; ಫಲ ಕಾಣಲು ತಿಂಗಳುಗಟ್ಟಲೆ ಕಾಯಬೇಕು. ಹಗಲು ಬಿಸಿಲಿಗೆ ಇನ್ನೊಂದು ಬಿಳಿ ಲೋಷನ್ನು. “ಇಡೀ ಮಾರಿಗೆ ಬಟಾಣಿ ಕಾಳಿನಷ್ಟು, ಅಷ್ಟಽ. ಹೆಚ್ಚ ಹಚ್ಚಿದ್ರ ಲಗೂ ಆಗೂದುಲ್ಲ” ಎಂದು ಎರಡು ಸಲ ಹೇಳಿದರು.

ಬಟಾಣಿ ಕಾಳು ನನಗೆ ಗೊತ್ತಿಲ್ಲದ್ದೇ? ನಮ್ಮ ಮನೆಯಲ್ಲಿ ವಾರಕ್ಕೆರಡು ಸಲ ಬಟಾಣಿ ಉಸಳಿ. ಸಂಜೆ ನೆನೆಹಾಕಿದ ಕಾಳು ಬೆಳಿಗ್ಗೆ ಉಬ್ಬಿ ಎರಡರಷ್ಟಾಗಿರುತ್ತದೆ. ನನ್ನ ಕಣ್ಣಿಗೆ ಬಟಾಣಿ ಅಂದರೆ ಅದೇ. ಅಷ್ಟು ದೊಡ್ಡದು ಈ ಕೆನ್ನೆಗೊಂದು, ಆ ಕೆನ್ನೆಗೊಂದು, ಹಣೆಗೊಂದು. ದಿನ ಬಿಟ್ಟು ದಿನ ಎಂಬುದನ್ನೂ ನಾನೇ ತಿದ್ದಿಕೊಂಡೆ. ಹತ್ತು ಸುತ್ತು ಓಡಿದರೆ ಒಳ್ಳೆಯದಾದರೆ ಇಪ್ಪತ್ತು ಓಡಿದರೆ ಇನ್ನೂ ಒಳ್ಳೆಯದು ಎಂದು ಮಕ್ಕಳಿಗೆ ಕಲಿಸಿ ಕಲಿಸಿ ನನ್ನ ಬುದ್ಧಿಯೂ ಹಾಗೇ ಆಗಿತ್ತು. ದಿನಾ ಹಚ್ಚಿದೆ.

ಎರಡನೆಯ ವಾರಕ್ಕೆ ಮುಖ ಕೆಂಪಗೆ ಉರಿಯತೊಡಗಿತು. ನೀರು ತಾಕಿದರೂ ಚುರುಚುರು. ಬಾಯಿಯ ಸುತ್ತ, ಮೂಗಿನ ಬದಿಗೆ ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯಂತೆ ಚರ್ಮ ಏಳುತ್ತಿತ್ತು. ಬಿಳಿ ಲೋಷನ್ನು ಹಚ್ಚಿದರೆ ಬೂದಿ ಬಳಿದಂತಾಗಿ ಹುಡುಗಿಯರು ದಾವಣಿ ಬಾಯಿಗೊತ್ತಿಕೊಂಡು ನಗುತ್ತಿದ್ದರು. ಹಚ್ಚದೆ ಹೋದರೆ ಬಿಸಿಲು ಕೆನ್ನೆಗೆ ಬಡಿದಂತಾಗುತ್ತಿತ್ತು. ಹೀಗಾಗಿ ನಾನು ಶಾಲೆಯ ಜಗಲಿಯ ನೆರಳಿಗೆ ಬಂದು ನಿಂತೆ. ಅಲ್ಲಿಂದಲೇ ಸೀಟಿ ಊದಿದೆ, ಅಲ್ಲಿಂದಲೇ ಕೂಗಿದೆ.

ಖೋ ಖೋ ದೂರದಿಂದ ಕಲಿಸುವ ಆಟವಲ್ಲ. ಬೆನ್ನಟ್ಟುವ ಹುಡುಗಿಯ ಕಾಲು ನಡುಗೆರೆ ದಾಟಿತೋ ಇಲ್ಲವೋ, ಕೈ ಬೆನ್ನಿಗೆ ತಾಗುವ ಮುಂಚೆಯೇ ‘ಖೋ’ ಅಂದಳೋ ಎನ್ನುವುದು ಗೆರೆಯ ಬದಿಗೆ ಮೊಣಕಾಲೂರಿ ಕೂತರೆ ಮಾತ್ರ ಕಾಣುತ್ತದೆ. ಜಗಲಿಯಿಂದ ನೋಡಿದರೆ ಎಲ್ಲ ಸರಿಯಾಗಿಯೇ ನಡೆದಂತೆ ಕಾಣುತ್ತಿತ್ತು. “ಟೀಚರ್ರೀ, ಇಲ್ಲಿ ಬಂದ ನೋಡ್ರಲಾ” ಎಂದು ತಂಡದ ನಾಯಕಿ ದಿನಾ ಕರೆಯುತ್ತಿದ್ದಳು. “ಇಲ್ಲಿಂದ ಕಾಣ್ತೈತಿ, ನೀ ಆಡು” ಎನ್ನುತ್ತಿದ್ದೆ.

ನನ್ನವರಿಗೆ ಆಟೋ ನಗರದಲ್ಲಿ ಗಾಡಿಗಳಿಗೆ ಬಣ್ಣ ಹೊಡೆಯುವ ವರ್ಕ್‌ಶಾಪಿತ್ತು. ನನ್ನ ಮುಖ ನೋಡಿ ಮೂರು ದಿನ ನಕ್ಕರು. ನಾಲ್ಕನೆಯ ದಿನ ಟ್ಯೂಬು ಕೈಗೆ ತೆಗೆದುಕೊಂಡು ಎಷ್ಟು ಹಚ್ಚುತ್ತೀ ಎಂದರು. ತೋರಿಸಿದೆ.

“ಏ ಹುಚ್ಚಿ, ಬಣ್ಣಾ ಒಮ್ಮೆಲೇ ದಪ್ಪ ಹೊಡದ್ರ ಎದ್ದ ಬರತೈತಿ. ತೆಳ್ಳಗ ಹೊಡೀಬೇಕು, ಒಣಾಕ ಬಿಡಬೇಕು. ಇಷ್ಟೂ ತಿಳೀದ ಡಾಕ್ಟರಗಿಂತಾ ಶಾಣ್ಯಾ ಆಗಾಕ ಹೋಗೀದಿ!”

ಮತ್ತೆ ಡಾಕ್ಟರಮ್ಮನ ಮುಂದೆ ಕೂತು ಎಲ್ಲ ಒಪ್ಪಿಕೊಂಡೆ, ಪಿ.ಟಿ. ಟೀಚರ್ ಎಂಬುದನ್ನೂ. ಅವರು ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಚರ್ಮ ಮಾಯುವವರೆಗೆ ಮುಲಾಮು ಬಂದ್, ಆಮೇಲೆ ವಾರಕ್ಕೆ ಎರಡೇ ಸಲ, ಒಣ ಬಟಾಣಿಯಷ್ಟು. ದೊಡ್ಡ ಅಂಚಿನ ಟೊಪ್ಪಿಗೆ ಹಾಕಿಕೊಂಡು, ಲೋಷನ್ನು ಹಚ್ಚಿಕೊಂಡು, ಆದಷ್ಟು ಬೆಳಗಿನ ಹೊತ್ತು ಆಟ ಆಡಿಸಬಹುದು ಎಂದರು. “ಮೊದಲಽ ಹೇಳಿದ್ರ ಇಷ್ಟೆಲ್ಲಾ ಆಗ್ತಿದ್ದಿಲ್ರಿ” ಎಂದು ಬೇಸರ ಮಾಡಿಕೊಂಡರು. ಅಷ್ಟು ಸುಲಭದ ದಾರಿ ಇತ್ತು. ನಾನು ಕೇಳಿರಲಿಲ್ಲ.

ಚರ್ಮ ಮಾಯುವ ಹೊತ್ತಿಗೆ ಪಂದ್ಯಾವಳಿ ಬಂದೇಬಿಟ್ಟಿತು. ಅಂದು ಟೊಪ್ಪಿಗೆ ಹಾಕಿಕೊಂಡು, ಮುಖಕ್ಕೆ ಬೂದಿಯಂಥ ಲೋಷನ್ನು ಬಳಿದುಕೊಂಡು ಗೆರೆಯ ಬದಿಗೆ ಕೂತೆ. ಕೂತ ಮೇಲೆ ಕಂಡಿತು. ನಾಯಕಿಯ ಕಾಲು ಪ್ರತಿ ತಿರುವಿನಲ್ಲೂ ಅಂಗುಲದಷ್ಟು ಗೆರೆ ದಾಟುತ್ತಿತ್ತು. ನಾನು ಜಗಲಿಯಲ್ಲಿ ನಿಂತ ವಾರಗಳಲ್ಲಿ ಅದು ರೂಢಿಯಾಗಿಬಿಟ್ಟಿತ್ತು. ಅಂಪೈರು ಫೌಲಿನ ಮೇಲೆ ಫೌಲು ಕೊಟ್ಟರು. ಪ್ರತಿ ವರ್ಷ ಫೈನಲ್ ಆಡುತ್ತಿದ್ದ ತಂಡ ಮೊದಲ ಪಂದ್ಯದಲ್ಲೇ ಸೋತು ಹೊರಗೆ ಬಂತು. ಹುಡುಗಿಯರು ಒಬ್ಬರನ್ನೊಬ್ಬರು ಬೈದುಕೊಂಡು ಅತ್ತರು. ಸೋಲಿಸಿದವಳು ನಾನು ಎಂದು ಅವರಿಗೆ ಹೇಳಬೇಕಿತ್ತು. ಬಾಯಿ ಬರಲಿಲ್ಲ. ಅದರ ನಾಚಿಕೆ ಇವತ್ತಿಗೂ ಇದೆ.

ಹೆಡ್‌ಮಾಸ್ತರು ಒಂದು ಬಿರುಸು ಮಾತೂ ಆಡಲಿಲ್ಲ. “ಬಿಸಲ ತಡಿಯಾಕ ಆಗೂದುಲ್ಲ ಅಂತ ನಿಮಗೂ ತಿಳೀತಲ್ರಿ” ಎಂದರು. ಜೂನಿನಲ್ಲಿ ಹೊಸ ಮಾಸ್ತರು ಬಂದರು. ನಾನು ಸೀಟಿಯನ್ನು ಅವರ ಕೈಗೆ ಕೊಟ್ಟು ಲೈಬ್ರರಿಯ ಬೀಗದ ಕೈ ಇಸಿದುಕೊಂಡೆ.

ಲೈಬ್ರರಿ ಕೋಣೆಗೆ ಉತ್ತರದ ಕಡೆ ಒಂದೇ ಕಿಟಕಿ. ವರ್ಷವಿಡೀ ಬಿಸಿಲು ಒಳಗೆ ಬರುವುದಿಲ್ಲ. ಅಲ್ಲಿ ಕೂತು ಪುಸ್ತಕಗಳಿಗೆ ನಂಬರು ಅಂಟಿಸಿದೆ, ಹರಿದ ನಕಾಶೆಗಳಿಗೆ ಬಟ್ಟೆ ಹಚ್ಚಿದೆ. ಹೊರಗೆ ‘ಖೋ’ ಎಂಬ ಕೂಗು ಕೇಳಿದಾಗ ಮೊದಮೊದಲು ಎದ್ದೇ ಬಿಡುತ್ತಿದ್ದೆ. ಮುಲಾಮನ್ನು ಮಾತ್ರ ಬಿಡಲಿಲ್ಲ. ಈಗ ತಾಳ್ಮೆಯಿಂದ, ವಾರಕ್ಕೆ ಎರಡು, ಆಮೇಲೆ ಮೂರು ಸಲ, ಒಣ ಕಾಳಿನಷ್ಟೇ. ಬೇರೆ ಏನು ಕೆಲಸವಿತ್ತು ನನಗೆ? ದೀಪಾವಳಿಯ ಹೊತ್ತಿಗೆ ಬಂಗು ಮುಕ್ಕಾಲು ಮಾಸಿತ್ತು. ಕಣ್ಣಿನ ಬದಿಯ ಸಣ್ಣ ಗೆರೆಗಳು ಹುಡುಕಿದರೆ ಸಿಗುವಷ್ಟು. ಹಣೆಯ ಆಳದ ಗೆರೆ ಹೋಗಲಿಲ್ಲ, ಅದು ಹೋಗುವುದಿಲ್ಲವೆಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ಆದರೂ ಚರ್ಮ ಮೆತ್ತಗಾಗಿ, ತಿಳಿಯಾಗಿ, ನೋಡಿದವರೆಲ್ಲ ಏನು ಹಚ್ಚುತ್ತೀರಿ ಎಂದು ಕೇಳುವಂತಾಗಿತ್ತು.

ಒಂದು ದಿನ ಹೆಡ್‌ಮಾಸ್ತರು ಯಾವುದೋ ಪುಸ್ತಕ ಹುಡುಕುತ್ತ ಬಂದು ಬಾಗಿಲಲ್ಲೇ ನಿಂತರು. “ಅಲ್ರಿ ಬಾಯಾರ, ನೆರಳು ಬಾಳ ಹಿಡಿಸೇತಿ ನಿಮಗ. ಹತ್ತ ವರ್ಷ ಸಣ್ಣಾವ್ರಾಗಿ ಕಾಣಾತೀರಿ ನೋಡ್ರಿ!”

“ಹಂಗಾರ ಗ್ರೌಂಡಿಗೆ ಕಳಸ್ರಿ ಸರ” ಎಂದೆ.

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಬಾಯಾರು ಚಲೋ ಚಾಷ್ಟಿ ಮಾಡುತ್ತಾರೆ ಎಂದು ಆಫೀಸಿನಲ್ಲೂ ಹೇಳಿದರಂತೆ. ನಾನು ಚಾಷ್ಟಿ ಮಾಡಿರಲಿಲ್ಲ.